ಮಾಡಿದವರು ಯಾರು?

ಚದುರಂಗದ ಆಟದಿಂದ ಚಿತ್ರ ಹುಟ್ಟಿಸಬಹುದೇ? ಹುಟ್ಟಿಸಬಹುದೆಂದು ಕಾಲೇಜಿಗೆ ಹೋಗುವ ನನ್ನ ಮಗಳು ದಸರಾ ರಜೆಯಲ್ಲಿ ತೋರಿಸಿಕೊಟ್ಟಳು. ಒಂದು ಛಾಯಾಚಿತ್ರವನ್ನು ಚದುರಂಗದ ಹಾಸಿನಂತೆ 64 ಮನೆಗಳಾಗಿ ಭಾಗಿಸುವುದು. ಯಾವುದಾದರೊಂದು ಆಟದ ನಡೆಗಳನ್ನು ಕಂಪ್ಯೂಟರಿಗೆ ಓದಿಸುವುದು. ಕಾಯಿ ಬಿದ್ದ ಮನೆಯನ್ನೆಲ್ಲ ಕಪ್ಪಾಗಿಸುವುದು. ಅವಳು ಬರೆದ ಪ್ರೋಗ್ರಾಮಿನ ನಿಯಮ ಇಷ್ಟೇ.

ಅವಳು ಆರಿಸಿದ್ದು 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸೆನ್ ಮತ್ತು ಕೀಸೆರಿಟ್ಸ್ಕಿ ಆಡಿದ, 'ಅಮರ ಪಂದ್ಯ'ವೆಂದು ಹೆಸರಾದ ಆಟ. ಆಂಡರ್ಸೆನ್ ಮಂತ್ರಿ, ಎರಡೂ ಆನೆ, ಒಂದು ಒಂಟೆ, ಎರಡು ಕಾಲಾಳುಗಳನ್ನು ಕಳೆದುಕೊಂಡೂ ಗೆದ್ದ. ಸೋತವನು ಕಳೆದುಕೊಂಡದ್ದು ಮೂರು ಕಾಲಾಳು ಮಾತ್ರ! ಬಿದ್ದ ಕಾಯಿ ಒಂಬತ್ತು. ಎರಡು ಮನೆಗಳಲ್ಲಿ ಎರಡೆರಡು ಬಿದ್ದುದರಿಂದ ಕಪ್ಪಾದ ಮನೆ ಏಳು.

ಛಾಯಾಚಿತ್ರ ಮಾತ್ರ ತೀರಿಹೋದ ನಮ್ಮ ತಂದೆಯವರದು. ಊರಿನ ಮನೆಯ ಜಗಲಿಯ ಮೇಲೆ ಕುಳಿತದ್ದು. ಮಂತ್ರಿ ಬಲಿಯಾದ ಮನೆ, ಮೇಲಿನಿಂದ ಮೂರನೆಯ ಸಾಲಿನಲ್ಲಿ, ಸರಿಯಾಗಿ ಅವರ ಮುಖದ ಮೇಲೆಯೇ ಬಂದಿತ್ತು.

"ತಾತನ ಮುಖಕ್ಕೆ ಮಸಿ ಬಳಿದೆಯಲ್ಲೇ!" ಎಂದೆ.

"ನಾನೆಲ್ಲಿ ಬಳಿದೆ ಅಪ್ಪಾ? ನಿಯಮದ ಪ್ರಕಾರ ಹಾಗೆ ಬಂತು."

ನನಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಅದು ನನ್ನದೇ ಮಾತು. ಒಮ್ಮೆ ಪಿಂಚಣಿಯ ಅರ್ಜಿ ಹಿಡಿದು ಬಂದ ಮುದುಕಿಗೆ, ಒಂದು ಸಹಿ ಇಲ್ಲವೆಂದು ಕಾಗದ ಹಿಂದಿರುಗಿಸಿ, "ನಾನೇನು ಮಾಡಲಿ, ರೂಲು ಹಾಗಿದೆ" ಎಂದಿದ್ದೆ. ರೂಲು ಇದ್ದದ್ದು ನಿಜ. ಆದರೆ ಎದ್ದು ಪಕ್ಕದ ಕೋಣೆಗೆ ಹೋಗಿ ಆ ಸಹಿ ಹಾಕಿಸಿಕೊಡಬೇಡವೆಂದು ಯಾವ ರೂಲೂ ಹೇಳಿರಲಿಲ್ಲ. ಹೋಗದಿದ್ದವನು ನಾನು.

ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಕರ್ತೃ ಯಾರು? ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಇದಕ್ಕೆ ಉತ್ತರ ಕೊಟ್ಟಿದೆ: ಆ ಕೃತಿ ಉಂಟಾಗಲು ಕಾರಣನಾದ ವ್ಯಕ್ತಿಯೇ ಕರ್ತೃ. ಕಾನೂನು ಹೇಳುವುದು ಹಕ್ಕಿನ ಮಾತನ್ನು. ಹೊಣೆಗೂ ಅದೇ ಅಳತೆ ಸಲ್ಲಬೇಡವೇ? ಆಂಡರ್ಸೆನ್‌ಗೆ ನಮ್ಮ ತಂದೆ ಗೊತ್ತಿಲ್ಲ. ಯಂತ್ರಕ್ಕೆ ಯಾರೂ ಗೊತ್ತಿಲ್ಲ. ಆಟವನ್ನು, ಚಿತ್ರವನ್ನು, ಕಪ್ಪು ಬಣ್ಣವನ್ನು ಆರಿಸಿದ್ದು ಒಬ್ಬ ಮನುಷ್ಯಳು.

ನಿಯಮವೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮವಿಲ್ಲದ ಕಡೆ ವಶೀಲಿ ನಡೆಯುತ್ತದೆ. ಆದರೆ ಹೊಗಳಿದವರ ಮುಂದೆ "ನಾನು ಮಾಡಿದೆ" ಎನ್ನುವವರು, ನೊಂದವರ ಮುಂದೆ "ನಿಯಮ ಮಾಡಿತು" ಎನ್ನುವುದು ನ್ಯಾಯವಲ್ಲ.

ಇಷ್ಟನ್ನೂ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಅಪ್ಪಾ, ಬಳಿದವಳು ನಾನೇ" ಎಂದು ಚಿತ್ರದ ಕೆಳಗೆ ತನ್ನ ಹೆಸರು ಬರೆದಳು. ಆ ಮುದುಕಿಗೆ ನಾನು ಇನ್ನೂ ಹಾಗೆ ಹೇಳಿಲ್ಲ.