ಜೀವನವೆನಿಸಿದ ಜಲಕ್ಕೂ ಮಿತಿಯುಂಟೆ?

ಸಂಸ್ಕೃತದಲ್ಲಿ ನೀರಿಗೆ ‘ಜೀವನ’ವೆಂದೂ ‘ಅಮೃತ’ವೆಂದೂ ಹೆಸರು. ‘ವಿಷ’ ಶಬ್ದಕ್ಕೂ ನೀರೆಂಬ ಅರ್ಥವುಂಟು. ಒಂದೇ ವಸ್ತುವು ಅಮೃತವೂ ವಿಷವೂ ಆಗುವುದು ಹೇಗೆ? ಪ್ರಮಾಣಭೇದದಿಂದ ಎಂಬುದೇ ಉತ್ತರ.

ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ರಾಂಜಣಗಾಂವವು ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದು. ಇಂದು ಅದು ದೊಡ್ಡ ಕೈಗಾರಿಕಾ ಕ್ಷೇತ್ರವೂ ಹೌದು. ಅಂತಹ ಕಡೆ ಬೇಸಿಗೆಯ ಪಾಳಿಯಲ್ಲಿ ದುಡಿಯುವ ಮಗನಿಗೆ ಊರಿನ ತಾಯಿ ಹೇಳುವ ಮಾತು ಒಂದೇ: ‘ನೀರು ಚೆನ್ನಾಗಿ ಕುಡಿಯಪ್ಪಾ.’ ಮಾತು ಹಿತವಾದುದೇ. ಬೇಸಿಗೆಯಲ್ಲಿ ನೀರು ಸಾಲದೆ ಬಳಲುವವರೇ ಹೆಚ್ಚು. ಆದರೆ ಹಿತೋಕ್ತಿಗೂ ಅಳತೆ ಬೇಡವೆ?

ಬೆವರಿನೊಡನೆ ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಆರೋಗ್ಯವಂತನ ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ನೀರನ್ನು ಹೊರಹಾಕಬಲ್ಲವು. ಅದನ್ನು ಮೀರಿ ಬರಿಯ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ತಲೆನೋವು, ವಾಂತಿ, ಬುದ್ಧಿಭ್ರಮೆ, ಸೆಳವು ಕ್ರಮವಾಗಿ ತೋರಬಹುದು, ಪ್ರಾಣವೂ ಹೋಗಬಹುದು. 2007ರಲ್ಲಿ ಅಮೆರಿಕದ ಸ್ಯಾಕ್ರಮೆಂಟೋ ನಗರದಲ್ಲಿ ನೀರು ಕುಡಿಯುವ ಸ್ಪರ್ಧೆಯಲ್ಲಿ ಭಾಗವಹಿಸಿದ ತಾಯಿಯೊಬ್ಬಳು ಹೀಗೆಯೇ ಮೃತಳಾದಳು. ಹೃದಯ, ಮೂತ್ರಪಿಂಡಗಳ ರೋಗವುಳ್ಳವರಿಗೂ, ರಕ್ತದೊತ್ತಡಕ್ಕೆಂದು ಮೂತ್ರಲ ಔಷಧಿ ಸೇವಿಸುವ ವೃದ್ಧರಿಗೂ ಅಪಾಯ ಇನ್ನೂ ಹೆಚ್ಚು. ಅವರು ವೈದ್ಯರು ಹೇಳಿದ ಅಳತೆಯನ್ನೇ ಅನುಸರಿಸತಕ್ಕದ್ದು.

ನಮಗೆ ಈ ತತ್ತ್ವ ಹೊಸದಲ್ಲ. ಆಚಮನಕ್ಕೆ ಉದ್ದಿನ ಕಾಳು ಮುಳುಗುವಷ್ಟೇ ನೀರು. ಹೆಚ್ಚಾದರೂ ಕಡಿಮೆಯಾದರೂ ದೋಷವೆಂದು ಹಿರಿಯರು ಕಲಿಸಿದ್ದಾರೆ. ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ಸಿದ್ಧಿಸದೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ಆದರೂ ಏಕಾದಶಿಯ ನಿರ್ಜಲ ಉಪವಾಸಕ್ಕೆಂದು ದಶಮಿಯ ರಾತ್ರಿ ಚೊಂಬುಗಟ್ಟಲೆ ನೀರು ಕುಡಿದು ಮಲಗುವವರುಂಟು. ದೇಹವು ನೀರು ತುಂಬಿಡುವ ಹಂಡೆಯಲ್ಲ; ಹೆಚ್ಚಾದುದು ಕೆಲವೇ ಗಂಟೆಗಳಲ್ಲಿ ಹೊರಹೋಗುತ್ತದೆ. ದ್ವಾದಶಿಯ ಪಾರಣೆಯಲ್ಲಿಯೂ ನಿಧಾನವೇ ಲೇಸು.

ಒಳ್ಳೆಯದು ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಯೇ ಇಲ್ಲಿನ ಮೂಲದೋಷ. ದಾನಕ್ಕೆ ಪಾತ್ರವಿವೇಕ ಹೇಗೋ, ಉಪದೇಶಕ್ಕೂ ಹಾಗೆಯೇ: ಯಾರಿಗೆ, ಎಷ್ಟು, ಯಾವಾಗ ಎಂದು ಅರಿಯದೆ ನೀಡಿದ ಹಿತವಚನವು ಅಹಿತವಾಗಬಲ್ಲದು. ಈ ದೇಹ ನಮ್ಮದಲ್ಲ. ಸಾಧನೆಗಾಗಿ ಶ್ರೀಹರಿಯು ಕೊಟ್ಟದ್ದು. ಅದನ್ನು ಬಾಡಿಸುವುದು ಹೇಗೆ ತಪ್ಪೋ, ಮುಳುಗಿಸುವುದೂ ಹಾಗೆಯೇ ತಪ್ಪು.

ಆದುದರಿಂದ ಮಗನಿಗೆ ಹೀಗೆ ಹೇಳೋಣ: ‘ಬಾಯಾರಿದಾಗ ತಡಮಾಡದೆ ಕುಡಿ, ಗುಟುಕುಗುಟುಕಾಗಿ ಕುಡಿ, ಬಹಳ ಬೆವರಿದ ದಿನ ಉಪ್ಪು ಬೆರೆಸಿದ ನೀರುಮಜ್ಜಿಗೆಯೂ ಇರಲಿ.’ ವಾತ್ಸಲ್ಯದೊಡನೆ ವಿವೇಕವೂ ಸೇರಿದಾಗಲೇ ಜಲವು ಜೀವನವಾಗುತ್ತದೆ.

ಶ್ರೀಕೃಷ್ಣಾರ್ಪಣಮಸ್ತು.