ಮೇಲೆ ನೋಡಬೇಕಾದ ಕಣ್ಣು

ಅರೋವಾನಾ ಮೀನನ್ನು ನೀವೂ ನೋಡಿರುತ್ತೀರಿ. ಒಡವೆ ಅಂಗಡಿ, ಬಿಲ್ಡರ್ ಆಫೀಸು, ದೊಡ್ಡ ಮನೆಗಳ ಹಾಲ್, ಎಲ್ಲ ಕಡೆ ಇರುತ್ತೆ. ಉದ್ದನೆಯ ಗಾಜಿನ ತೊಟ್ಟಿಯಲ್ಲಿ ಬೆಳ್ಳಿ ಪಟ್ಟಿಯಂಥ ಮೀನೊಂದು ಒಂಟಿಯಾಗಿ ಆ ಕಡೆಯಿಂದ ಈ ಕಡೆಗೆ ತಿರುಗುತ್ತಿರುತ್ತದೆ. ಚೀನೀಯರ ಡ್ರ್ಯಾಗನ್ ಥರ ಕಾಣುತ್ತೆ, ಮನೆಗೆ ಅದೃಷ್ಟ ತರುತ್ತೆ ಅನ್ನೋ ಫೆಂಗ್‌ಶುಯಿ ನಂಬಿಕೆ ಇದರ ಹಿಂದಿದೆ. ಇನ್ನೊಮ್ಮೆ ಕಂಡಾಗ ಅದರ ಕಣ್ಣನ್ನು ಗಮನಿಸಿ. ಎಷ್ಟೋ ಮೀನುಗಳಲ್ಲಿ ಒಂದು ಕಣ್ಣು, ಕೆಲವೊಮ್ಮೆ ಎರಡೂ, ಕೆಳಕ್ಕೆ ಜಾರಿರುತ್ತವೆ. ನೆಲದ ಮೇಲೆ ಬಿದ್ದ ಚಿಲ್ಲರೆ ಹುಡುಕುವವರ ಹಾಗೆ. ಸಾಕುವವರು ಇದನ್ನು 'ಡ್ರಾಪ್ ಐ' ಅಂತಾರೆ.

ಈ ಮೀನಿನ ಮೈಕಟ್ಟು ನೋಡಿದರೆ ಇದು ಎಂಥ ವಿಚಿತ್ರ ಅಂತ ಗೊತ್ತಾಗುತ್ತೆ. ನಮ್ಮಲ್ಲಿ ಹೆಚ್ಚಾಗಿ ಕಾಣೋದು ಬೆಳ್ಳಿ ಅರೋವಾನಾ, ಅಮೆಜಾನ್ ನದಿ ಸೀಮೆಯದು. ಮಳೆಗಾಲದಲ್ಲಿ ಅಲ್ಲಿ ನದಿ ಉಕ್ಕಿ ಕಾಡಿನೊಳಗೆ ನುಗ್ಗುತ್ತದೆ, ಮೀನು ಮರಗಳ ನಡುವೆ ಈಜುತ್ತದೆ. ಮೇಲಿನ ಕೊಂಬೆಯಲ್ಲಿ ಕೂತ ಜೀರುಂಡೆ, ಜೇಡ ಕಂಡರೆ ನೀರಿನಿಂದ ಚಿಮ್ಮಿ ಹಿಡಿಯುತ್ತದೆ. ಅದಕ್ಕೇ ಅಲ್ಲಿಯವರು ಇದನ್ನು 'ನೀರು ಕೋತಿ' ಅಂತಲೂ ಕರೀತಾರೆ. ಬಾಯಿ ಮೇಲ್ಮುಖವಾಗಿ ಸೀಳಿದೆ, ಗದ್ದದ ತುದಿಯಲ್ಲಿ ಎರಡು ಮೀಸೆ, ಬೆನ್ನು ನೀರಿನ ಮಟ್ಟಕ್ಕೆ ಸಮನಾಗಿ ನೇರ. ಮೇಲೆ ನೋಡೋದಕ್ಕೇ ಮಾಡಿದ ಮೀನು.

ಹಾಗಾದರೆ ಅದು ಕೆಳಗೆ ನೋಡೋದು ಯಾಕೆ? ಕಾರಣ ಇದೇ ಅಂತ ಒಮ್ಮತವಿಲ್ಲ. ಸಾಕಿ ಅನುಭವ ಇರುವವರು ಮುಖ್ಯವಾಗಿ ಮೂರು ಮಾತು ಹೇಳ್ತಾರೆ. ಒಂದು, ಹಾಕುವ ಸಿಗಡಿ, ಮೀನಿನ ತುಂಡು ಮುಳುಗುತ್ತವೆ, ಬಿಟ್ಟ ಗೋಲ್ಡ್‌ಫಿಶ್ ತಳದಲ್ಲೇ ಓಡಾಡುತ್ತವೆ. ಊಟ ಕೆಳಗಿರುವಾಗ ಕಣ್ಣೂ ಕೆಳಗೇ. ಎರಡು, ತೊಟ್ಟಿಯ ತಳದ ಗಾಜಿನ ಪ್ರತಿಬಿಂಬ ಮತ್ತು ತೊಟ್ಟಿಯಾಚೆ ಕೆಳಗಡೆ ಓಡಾಡುವ ನಾವು. ಮೂರು, ಕೊಬ್ಬಿನ ಆಹಾರ ಅತಿಯಾಗಿ ಕಣ್ಣುಗುಡ್ಡೆಯ ಹಿಂದೆ ಕೊಬ್ಬು ಸೇರಿಕೊಳ್ಳುವುದು. ಈ ಮೂರರಲ್ಲಿ ಯಾವುದು ಎಷ್ಟು ನಿಜವೋ, ಒಂದಂತೂ ಎದ್ದು ಕಾಣುತ್ತೆ: ಮೂರೂ ನಮ್ಮ ಅನುಕೂಲದಿಂದ ಹುಟ್ಟಿದವು. ಗಾಜಿನ ತೊಟ್ಟಿ ನಾವು ಪಕ್ಕದಿಂದ ನೋಡಲಿಕ್ಕೆ. ಗೋಲ್ಡ್‌ಫಿಶ್ ಬಿಡೋದು ಬೇಟೆಯ ಮಜಾ ನೋಡಲಿಕ್ಕೆ. ಆ ಗೋಲ್ಡ್‌ಫಿಶ್‌ನಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಇದೆ, ದಿನಾ ಅದನ್ನೇ ತಿಂದರೆ ಮೀನಿಗೆ ಒಳ್ಳೇದಲ್ಲ ಅನ್ನೋದು ಬೇರೆ ಮಾತು.

ನಮ್ಮ ಭಾವನ ಮನೆಯಲ್ಲೂ ಒಂದಿದೆ. "ಭಾವ, ಇದರ ಕಣ್ಣು ಹೀಗಾಗಿದೆಯಲ್ಲ?" ಅಂದೆ. "ಅದಕ್ಕೇನೂ ತೊಂದರೆ ಇಲ್ಲ ಕಣೋ. ಹಾಕಿದ್ದೆಲ್ಲ ತಿನ್ನುತ್ತೆ, ಚೆನ್ನಾಗಿ ಬೆಳೆದಿದೆ. ನೋವಿದ್ದರೆ ತಿನ್ನುತ್ತಿತ್ತಾ?" ಅಂದರು.

ಈ ಮಾತನ್ನು ಸುಲಭವಾಗಿ ತಳ್ಳಿಹಾಕೋಕೆ ಆಗೋಲ್ಲ. ಕಣ್ಣು ಜಾರಿದ ಅರೋವಾನಾಗಳು ತಿಂದುಂಡು ವರ್ಷಗಟ್ಟಲೆ ಬದುಕುತ್ತವೆ, ನಿಜ. ನೋವಿಲ್ಲ, ಹಸಿವಿಲ್ಲ ಅಂದಮೇಲೆ ತಪ್ಪು ಎಲ್ಲಿಂದ ಬಂತು? ಪ್ರಾಣಿಗಳ ವಿಷಯದಲ್ಲಿ ನಾವು ಸಾಮಾನ್ಯವಾಗಿ ಕೇಳೋದೇ ಈ ಪ್ರಶ್ನೆ, ನಿಲ್ಲಿಸೋದೂ ಇಲ್ಲೇ. ನನಗನ್ನಿಸೋದು, ನೋವು ಒಂದೇ ಅಳತೆಗೋಲಲ್ಲ. ಒಂದು ಜೀವಕ್ಕೆ ಸಹಜವಾಗಿ ಬಂದ ನಡೆಯೊಂದಿದೆ. ಅದಕ್ಕೆ ಅವಕಾಶವೇ ಇಲ್ಲದ ಹಾಗೆ ಮಾಡಿ, ಆಮೇಲೆ ಅದಕ್ಕೇನೂ ಅನ್ನಿಸ್ತಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳೋದು ಲೆಕ್ಕ ತಪ್ಪಿಸಿದ ಹಾಗೆ. ಮೇಲಿನಿಂದ ಏನೂ ಬೀಳದ ತೊಟ್ಟಿಯಲ್ಲಿ ಮೇಲೆ ಯಾಕಾದರೂ ನೋಡಬೇಕು ಅದು?

ಕನ್ನಡದಲ್ಲಿ 'ಸಾಕು' ಅನ್ನೋ ಪದಕ್ಕೆ ಎರಡರ್ಥ. ಪೋಷಿಸು ಅಂತಲೂ ಹೌದು, ಇಷ್ಟೇ ಇರಲಿ ಅಂತಲೂ ಹೌದು. ಅರೋವಾನಾ ವಿಷಯದಲ್ಲಿ ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡಿದ್ದೇವೆ. ಅದು ಬಾಯಿ ತೆರೆದಾಗಲೆಲ್ಲ ಹಾಕೋದು, ಬಂದ ನೆಂಟರಿಗೆ ತೋರಿಸಲಿಕ್ಕೆ ಇನ್ನೊಂದಿಷ್ಟು ಹಾಕೋದು. ಅನ್ನ ಹಾಕೋದು ಪುಣ್ಯದ ಕೆಲಸ ಅಂತ ಕಲಿತವರು ನಾವು, ಸರಿ. ಆದರೆ ತಿನ್ನುವವರಿಗೆ ಬೇರೆ ದಾರಿಯೇ ಇಲ್ಲದಾಗ ಎಷ್ಟು, ಯಾವುದು, ಎಲ್ಲಿಂದ ಅನ್ನೋದರ ಹೊಣೆ ಪೂರ್ತಿ ಹಾಕುವವರದೇ ಆಗುತ್ತೆ.

ಇನ್ನೊಂದು ವಿಷಯ ಇದಕ್ಕಿಂತ ವಿಚಿತ್ರ. ಸಿಂಗಪುರದಲ್ಲಿ ಜಾರಿದ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುವವರಿದ್ದಾರೆ. ಮೀನಿಗೆ ಅರಿವಳಿಕೆ ಕೊಟ್ಟು, ಕಣ್ಣಿನ ಹಿಂದಿನ ಅಂಗಾಂಶ ಸಡಿಲಿಸಿ, ಗುಡ್ಡೆಯನ್ನು ಮೇಲಕ್ಕೆ ತಳ್ಳುತ್ತಾರೆ. ಅಲ್ಲಿ ಬೆಲೆ ಬಾಳೋದು ಏಷ್ಯಾದ ಅರೋವಾನಾ. ಅಳಿವಿನಂಚಿನ ಜೀವಿ ಅಂತ 1975ರಿಂದಲೇ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿದೆ. ನೋಂದಾಯಿತ ಫಾರ್ಮ್‌ನಲ್ಲಿ ಬೆಳೆದ ಮೀನಿನ ಮೈಯೊಳಗೆ ಮೈಕ್ರೋಚಿಪ್ ಇಟ್ಟು, ಸರ್ಟಿಫಿಕೇಟ್ ಜೊತೆ ಮಾರುತ್ತಾರೆ. ಅಂಥ ಮೀನಿನ ಕಣ್ಣು ಜಾರಿದರೆ ಬೆಲೆ ಇಳಿಯುತ್ತೆ, ಅಂದ ಕೆಡುತ್ತೆ. ಆಪರೇಷನ್ ಆದ ಮೇಲೆ ಮೀನು ವಾಪಸ್ ಹೋಗೋದು ಅದೇ ತೊಟ್ಟಿಗೆ. ಇದನ್ನು ಚಿಕಿತ್ಸೆ ಅನ್ನಬೇಕೋ, ಸಾಕ್ಷಿ ಅಳಿಸೋದು ಅನ್ನಬೇಕೋ? ಜಾರಿದ ಕಣ್ಣು ನಾವು ಹೇಗೆ ಸಾಕಿದೆವು ಅನ್ನೋದನ್ನು ಎಲ್ಲರೆದುರು ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದ ಹಾಗಾಯಿತು, ಅಷ್ಟೇ.

ಹಾಗಂತ ಸಾಕುವವರೆಲ್ಲ ಕ್ರೂರಿಗಳು ಅಂತ ನಾನು ಹೇಳ್ತಿಲ್ಲ. ನೀರಿನ ಮೇಲೆ ತೇಲುವ ಆಹಾರ, ಮಿಡತೆ, ಜಿರುಕಲು ಹುಳು ಹಾಕುವವರಿದ್ದಾರೆ. ತಳಕ್ಕೆ, ಪಕ್ಕಕ್ಕೆ ಬಣ್ಣದ ಹಾಳೆ ಅಂಟಿಸಿ ಪ್ರತಿಬಿಂಬ ತಪ್ಪಿಸುವವರಿದ್ದಾರೆ. ದೃಷ್ಟಿ ಮೇಲಿರಲಿ ಅಂತ ಒಂದು ಪಿಂಗ್‌ಪಾಂಗ್ ಚೆಂಡು ತೇಲಿಬಿಡುವವರೂ ಇದ್ದಾರೆ. ಕೆಲವರು ಗಾಜು ಬಿಟ್ಟು ಕೊಳದಲ್ಲಿ ಸಾಕಿ, ಮೇಲಿನಿಂದಷ್ಟೇ ನೋಡ್ತಾರೆ; ಅಂಥ ಮೀನುಗಳಲ್ಲಿ ಈ ತೊಂದರೆ ಅಪರೂಪ ಅನ್ನೋದು ಅವರ ಅನುಭವ. ನೋಡುವ ನಮಗೆ ಸ್ವಲ್ಪ ಕಡಿಮೆ ಸಿಕ್ಕಿತು, ಮೀನಿಗೆ ಸ್ವಲ್ಪ ಹೆಚ್ಚು ಸಿಕ್ಕಿತು. ನನಗೆ ಇದು ನ್ಯಾಯವಾದ ಕೊಡು-ಕೊಳ್ಳು ಅನ್ನಿಸುತ್ತೆ.

ಅಂಗಡಿಯಲ್ಲಿ ಬೆರಳುದ್ದದ ಮರಿ ತೋರಿಸಿ "ತಗೊಳ್ಳಿ ಸಾರ್, ಲಕ್ಕಿ ಫಿಶ್" ಅಂತಾರೆ. ಆ ಬೆರಳುದ್ದದ್ದು ಬೆಳೆದರೆ ಎರಡು ಮೂರು ಅಡಿ ಆಗುತ್ತೆ, ಮುಚ್ಚಳ ಭದ್ರವಾಗಿಲ್ಲದಿದ್ದರೆ ಹಾರಿ ನೆಲಕ್ಕೆ ಬಿದ್ದು ಸಾಯುತ್ತೆ. ಹಾರೋದು ಅದರ ತಪ್ಪಲ್ಲ, ಅದರ ಕಸುಬು. ಅದೃಷ್ಟ ಬೇಕು ಅನ್ನುವವರು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಮೀನು ತಲೆ ಎತ್ತಿದಾಗ ಅದಕ್ಕೆ ನೋಡಲು ಏನಾದರೂ ಇರುತ್ತದೆಯೇ? ಇಲ್ಲ ಅಂತಾದರೆ ನಾಲ್ಕು ಗಪ್ಪಿ ಮೀನು ತಂದುಕೊಳ್ಳಬಹುದು. ಅವೂ ಚೆಂದವೇ.