ಎಡಗಾಲಿಗೆ ಕೆಲಸವಿಲ್ಲದ ಕಾಲ

ಅಮೆರಿಕದಲ್ಲಿ ಹೊಸ ಪಿಕಪ್ ಟ್ರಕ್ ಕೊಳ್ಳೋಕೆ ಹೋಗಿ, ಕ್ಲಚ್ ಇರೋ ಗಾಡಿನೇ ಬೇಕು ಅಂತ ಹಟ ಹಿಡಿದರೆ, ನಾನಿದನ್ನು ಬರೆಯುವ ಹೊತ್ತಿಗೆ ಸಿಗೋದು ಒಂದೇ ಮಾಡೆಲ್: ಟೊಯೋಟಾ ಟಕೋಮಾ. ಜೀಪ್ ಗ್ಲಾಡಿಯೇಟರ್‌ನಲ್ಲಿ 2024ರ ಮಾಡೆಲ್‌ವರೆಗೆ ಇತ್ತು, 2025ಕ್ಕೆ ತೆಗೆದುಬಿಟ್ಟರು. ನಿಸ್ಸಾನ್ ಫ್ರಾಂಟಿಯರ್ 2020ರಲ್ಲೇ ಕೈಬಿಟ್ಟಿತ್ತು. ಫೋರ್ಡ್ ಎಫ್-150ಯಲ್ಲಿ 2008ರ ಮಾಡೆಲ್ ಕೊನೆಯದು. ದೊಡ್ಡ ಟ್ರಕ್ಕುಗಳ ಪೈಕಿ ಕೊನೆಯವರೆಗೂ ಜಗ್ಗಿ ನಿಂತದ್ದು ಕಮಿನ್ಸ್ ಡೀಸೆಲ್ ಎಂಜಿನ್ ಇರೋ ರ‍್ಯಾಮ್. 2018ಕ್ಕೆ ಅದರ ಕಥೆಯೂ ಮುಗೀತು.

ಪಿಕಪ್ ಅಂದರೆ ಅಲ್ಲಿನವರಿಗೆ ಎಂಥ ಅಭಿಮಾನ ಅನ್ನೋದು ಟೀವಿ ಜಾಹೀರಾತು ನೋಡಿದರೆ ಸಾಕು ಗೊತ್ತಾಗುತ್ತೆ. ಕೆಸರು, ಕುದುರೆ, ಅಗಲ ಟೋಪಿ, ಹಿನ್ನೆಲೆಯಲ್ಲಿ ಒಂದು ಗಡಸು ದನಿ. ಆದರೆ ವಿಚಿತ್ರ ನೋಡಿ, ಮಸ್ಟಾಂಗ್‌ನಂಥ ಶೋಕಿ ಕಾರಿನಲ್ಲಿ ಕ್ಲಚ್ ಇನ್ನೂ ಉಳಿದಿದೆ, ಹುಲ್ಲಿನ ಪಿಂಡಿ ಹೊರುವ ಗಾಡಿಯಲ್ಲಿ ಇಲ್ಲ. ಅಂದರೆ ಗೇರ್ ಹಾಕೋದು ಮೋಜಾಗಿ ಉಳೀತು, ಕೆಲಸವಾಗಿ ಉಳೀಲಿಲ್ಲ. ಕೊಲೊರಾಡೋಗೆ ಕೆಲಸದ ಮೇಲೆ ಬಂದು ಆರು ವರ್ಷವಾಯಿತು. ಈ ಸಂಗತಿ ನನ್ನನ್ನು ಯಾಕೋ ಬಿಡ್ತಿಲ್ಲ.

ಇದನ್ನು ಯಾರು ಕೊಂದರು ಅಂತ ಹುಡುಕಿದರೆ ಖಳನಾಯಕ ಸಿಗಲ್ಲ. ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಅನ್ನೋ ಪೂರ್ತಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಂದಿದ್ದು 1940ರ ಮಾಡೆಲ್‌ನಲ್ಲಿ. ಆಮೇಲೂ ಎಷ್ಟೋ ದಶಕ ಕ್ಲಚ್ ಗಾಡಿಯದೇ ಮೇಲುಗೈ ಅನ್ನೋಕೆ ಸಕಾರಣಗಳಿದ್ದವು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರೋದು ಎಣ್ಣೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದಕ್ಕೆ ಸ್ವಿಚ್ ಹಾಕಿ. ಅದರ ಗಾಳಿಗೆ ಇನ್ನೊಂದೂ ತಿರುಗುತ್ತೆ, ಆದರೆ ಅಷ್ಟೇ ಜೋರಾಗಿ ಅಲ್ಲ. ಗಾಳಿ ಬದಲು ಎಣ್ಣೆ, ಅಷ್ಟೇ ವ್ಯತ್ಯಾಸ. ಹಾಗೆ ಸೋರಿಹೋದ ಶಕ್ತಿಗೆ ತೈಲದ ಲೆಕ್ಕದಲ್ಲಿ ದಂಡ ಕಟ್ಟಬೇಕಿತ್ತು. ಕ್ಲಚ್ ಗಾಡಿ ಅಗ್ಗ, ಮೈಲೇಜ್ ಜಾಸ್ತಿ, ರಿಪೇರಿ ಸಲೀಸು.

ಒಂದೊಂದಾಗಿ ಆ ಕಾರಣಗಳೆಲ್ಲ ಬಿದ್ದುಹೋದವು. ವೇಗ ಹಿಡಿದ ಮೇಲೆ ಆ ಎರಡು ಫ್ಯಾನುಗಳನ್ನು ಗಟ್ಟಿಯಾಗಿ ಜೋಡಿಸಿಬಿಡುವ ಲಾಕ್-ಅಪ್ ಬಂತು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕೂಡಿ ಹತ್ತು ಗೇರಿನ ಪೆಟ್ಟಿಗೆ ಮಾಡಿದರು. ಯಾವ ಡ್ರೈವರ್ ತಾನೇ ದಿನವಿಡೀ ಹತ್ತು ಗೇರ್ ಹಾಕ್ತಾ ಕೂರ್ತಾನೆ? ಕೊನೆಗೆ ಬಲದ ವಾದವೂ ತಿರುಗುಮುರುಗಾಯಿತು. 2018ರ ಅದೇ ರ‍್ಯಾಮ್ ಟ್ರಕ್ಕಿನಲ್ಲಿ ಬಲಿಷ್ಠ ಆಟೋಮ್ಯಾಟಿಕ್ ತೆಗೆದುಕೊಂಡವನಿಗೆ ಎಂಜಿನ್ 930 ಪೌಂಡ್-ಫುಟ್ ಟಾರ್ಕ್ ಕೊಡುತ್ತಿತ್ತು, ಕ್ಲಚ್ ಬೇಕು ಅಂದವನಿಗೆ 660. ಎಂಜಿನ್ ಒಂದೇ, ಆದರೆ ಕ್ಲಚ್ಚೂ ಗೇರ್‌ಬಾಕ್ಸೂ ತಡೆಯಬೇಕಲ್ಲ ಅಂತ ಕಂಪ್ಯೂಟರಿನಲ್ಲಿ ಅದರ ಕತ್ತು ಅಮುಕಿದ್ದರು. ಗಂಡಸರ ಗಾಡಿ ಅಂತ ಕೊಂಡವನಿಗೆ ಸಿಕ್ಕಿದ್ದು ಸೊರಗಿದ ಎಂಜಿನ್ನು.

ಹೊಗಳುವವರಿಗೆ ಮಾತ್ರ ಇವತ್ತಿಗೂ ಬರವಿಲ್ಲ. ಕ್ಲಚ್ ಗಾಡಿಯೇ ಈ ಕಾಲದ ಹುಡುಗರ ಕೈಯಿಂದ ಕಳ್ಳತನ ತಡೆಯೋ ಸಾಧನ ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡ್ತಾರೆ. ಹೊಗಳಿದವರಲ್ಲಿ ಶೋರೂಮಿಗೆ ಹೋಗಿ ಹೊಸದನ್ನು ಕೊಂಡವರು ಕಡಿಮೆ. ಊರಿನ ಕನ್ನಡ ಶಾಲೆ ಉಳೀಬೇಕು ಅಂತ ರಾಜ್ಯೋತ್ಸವದ ದಿನ ಭಾಷಣ ಮಾಡಿ, ಮಾರನೇ ಬೆಳಿಗ್ಗೆ ಮಗುವನ್ನು ಹಳದಿ ವ್ಯಾನು ಹತ್ತಿಸೋದು ನಮ್ಮ ಕಡೆಯೂ ಇದೆಯಲ್ಲ, ಹಾಗೆ. ಪ್ರತಿಯೊಬ್ಬರ ಆಯ್ಕೆಯೂ ಅವರವರ ಮಟ್ಟಿಗೆ ಸರಿಯೇ. ಎಲ್ಲ ಕೂಡಿಸಿದಾಗ ಮುಂದಿನವರಿಗೆ ಆಯ್ಕೆಯೇ ಇರಲ್ಲ.

ಇಲ್ಲಿನ ಹಳೇ ಟ್ರಕ್ಕುಗಳಲ್ಲಿ 'ಗ್ರ್ಯಾನಿ ಗೇರ್' ಅಂತ ಒಂದಿತ್ತು. ನಾನದಕ್ಕೆ ಅಜ್ಜಿ ಗೇರ್ ಅಂತೀನಿ. ಶೆವ್ರೊಲೆಯ ಎಸ್‌ಎಂ465 ಗೇರ್‌ಬಾಕ್ಸಿನ ಮೊದಲ ಗೇರಿನಲ್ಲಿ ಎಂಜಿನ್ ಆರೂವರೆ ಸುತ್ತು ಹಾಕಿದರೆ ಹಿಂದಿನ ಶಾಫ್ಟ್ ಒಂದು ಸುತ್ತು. ಅಜ್ಜಿ ನಡೆದಷ್ಟೇ ವೇಗ. ಒಣಹುಲ್ಲಿನ ಹೊಲದಲ್ಲಿ ಆ ಗೇರಿಗೆ ಹಾಕಿ ಬಿಟ್ಟರೆ ಟ್ರಕ್ಕು ತನ್ನ ಪಾಡಿಗೆ ತೆವಳುತ್ತೆ, ದೊಡ್ಡವರು ಪಿಂಡಿ ಎತ್ತಿ ಹಾಕ್ತಾರೆ, ಸ್ಟೇರಿಂಗ್ ಹಿಡಿಯೋಕೆ ಒಂದು ಮಗು. ಹಳ್ಳಿ ಮಕ್ಕಳು ಗಾಡಿ ಕಲಿಯುತ್ತಿದ್ದದ್ದೇ ಹಾಗೆ. ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಎತ್ತಿನಗಾಡಿ. ಸಂತೆಯಿಂದ ಬರುವಾಗ ಯಜಮಾನ ಗೊರಕೆ ಹೊಡೀತಿದ್ದರೂ ಎತ್ತುಗಳು ಮನೆ ಬಾಗಿಲಿಗೆ ತಂದು ನಿಲ್ಲಿಸ್ತಿದ್ದವು. ಆದ್ದರಿಂದ ಹಿಂದಿನವರು ಎಲ್ಲವನ್ನೂ ತಮ್ಮ ಕೈಯಲ್ಲೇ ಹಿಡಿದಿದ್ದರು, ನಾವೀಗ ಯಂತ್ರಕ್ಕೆ ಒಪ್ಪಿಸಿ ಕೆಟ್ಟೆವು ಅನ್ನೋ ಹಾಡು ನನಗೆ ಒಪ್ಪಿಗೆಯಿಲ್ಲ.

ಒಪ್ಪದಿರೋಕೆ ಇನ್ನೂ ದೊಡ್ಡ ಕಾರಣ ನಮ್ಮ ಚಿಕ್ಕಪ್ಪ. ಮೂಡಿಗೆರೆ ಕಡೆಯ ನಮ್ಮೂರಿನಿಂದ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಶುಂಠಿ, ಬಾಳೆಗೊನೆ ಸಾಗಿಸೋದು ಅವರ ಕೆಲಸ. ಡೀಸೆಲ್ ಪಿಕಪ್, ಕಲ್ಲಿನಂಥ ಕ್ಲಚ್ಚು. ಇಪ್ಪತ್ತೆರಡು ವರ್ಷ ಅದನ್ನು ತುಳಿದು ಎಡ ಮಂಡಿ ಹೋಯಿತು. ಈಗ ಊಟಕ್ಕೆ ನೆಲದ ಮೇಲೆ ಕೂರೋಕಾಗಲ್ಲ. ಮದುವೆ ಮನೆಯಲ್ಲಿ ಪಂಕ್ತಿ ಬಿಟ್ಟು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಉಣ್ಣುತ್ತಾರೆ. ಅಮೆರಿಕದಲ್ಲಿ ಕೆಲವರು ಹುಡುಕಾಡಿ ಕ್ಲಚ್ ಇರೋ ಗಾಡಿ ತಗೊಳ್ತಾರೆ ಅಂತ ಒಮ್ಮೆ ಫೋನಿನಲ್ಲಿ ಹೇಳಿದೆ. "ಅವ್ರಿಗೆ ನನ್ ಮಂಡಿನೂ ಫ್ರೀಯಾಗಿ ಕೊಡ್ತೀನಿ, ಬಂದು ತಗೊಂಡ್ ಹೋಗಕ್ಕೆ ಹೇಳು ಮಾರಾಯ" ಅಂದರು.

ಹೊಟ್ಟೆಪಾಡಿಗೆ ಕ್ಲಚ್ ತುಳಿದವರು ಯಾರೂ ಅದರ ಬಗ್ಗೆ ಕಾವ್ಯ ಬರೆದಿದ್ದನ್ನು ನಾನು ಕಂಡಿಲ್ಲ. ಮ್ಯಾಥ್ಯೂ ಕ್ರಾಫರ್ಡ್ ಅನ್ನೋ ಅಮೆರಿಕದ ತತ್ತ್ವಶಾಸ್ತ್ರಜ್ಞ ಬೈಕ್ ರಿಪೇರಿ ಅಂಗಡಿ ನಡೆಸಿದವರು. ಕೈಕೆಲಸದ ಘನತೆ ಬಗ್ಗೆ, 2020ರಲ್ಲಿ ಡ್ರೈವಿಂಗ್ ಬಗ್ಗೆಯೂ ಪುಸ್ತಕ ಬರೆದಿದ್ದಾರೆ. ಅವರ ಬಗ್ಗೆ ಗೌರವವಿದೆ. ಆದರೂ ಕೌಶಲದ ಹೊಗಳಿಕೆ ಎಲ್ಲಿ ಕಂಡರೂ ನನಗೆ ಮದುವೆ ಮನೆಯ ಆ ಕುರ್ಚಿ ಕಣ್ಣಿಗೆ ಬರುತ್ತೆ.

ಹಾಗಂತ ವಿಷಯ ಇಲ್ಲಿಗೇ ಬಗೆಹರಿಯಲ್ಲ. ನಾನು ಪಿಯುಸಿ ಓದುವಾಗ ಕಣ್ಣಾರೆ ಕಂಡದ್ದೊಂದು ಹೇಳ್ತೀನಿ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಶುಂಠಿ ತೋಟದಲ್ಲಿ ಲೋಡಾಯಿತು. ತೂಕದ ಯಂತ್ರ ಇರಲಿಲ್ಲ, ಮೂಟೆ ಲೆಕ್ಕ, ಮೂಟೆಗೆ 60 ಕೆಜಿ ಅಂತ ಅಂದಾಜು. ಚಿಕ್ಕಪ್ಪ ಗಾಡಿ ಎತ್ತಿ ತೋಟದ ರಸ್ತೆಯಲ್ಲಿ ಇಪ್ಪತ್ತು ಮೀಟರು ಹೋಗಿರಬಹುದು, ನಿಲ್ಲಿಸಿಬಿಟ್ಟರು. ಇಳಿದು ಬಂದು, "ಸಾವ್ಕಾರ್ರೇ, ಆರು ಮೂಟೆ ಇಳಿಸ್ಬೇಕು" ಅಂದರು. ಅವರಿಗೆ ಸಿಟ್ಟು ಬಂತು. ಹೋದ ವಾರ ಇಷ್ಟೇ ಮೂಟೆ ಹೊತ್ತಿದ್ಯಲ್ಲಯ್ಯ, ಇವತ್ತೇನು ಬಂತು? ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಮಣ್ಣು ಜಾಸ್ತಿ ಮೆತ್ತಿದೆ. ಕ್ಲಚ್ ಹಿಡಿಯೋ ಜಾಗದಲ್ಲಿ ಗಾಡಿ ಎಳೀತಿಲ್ಲ. ಇದನ್ನ ಹೊತ್ಕೊಂಡು ನಾನು ಘಾಟಿ ಇಳಿಯಲ್ಲ." ಆರು ಮೂಟೆ ಇಳೀತು. ಆವತ್ತಿನ ಬಾಡಿಗೆಯಲ್ಲೂ ಕಡಿತವಾಯಿತು. ಮುಂದಿನ ಎರಡು ಲೋಡು ಬೇರೆಯವನ ಗಾಡಿಗೆ ಹೋಯಿತು.

ಮಂಡಿ ತಿಂದ ಕ್ಲಚ್ಚೇ ಆ ಅರಿವನ್ನೂ ಕೊಟ್ಟಿತ್ತು. ಒಂದೇ ಕಾಲು, ಒಂದೇ ಪೆಡಲ್. ನನ್ನನ್ನು ಕಾಡೋದು ಇದು. ನೋವನ್ನು ತೆಗೆಯಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ನೋವಿನ ಜೊತೆ ಅಂಟಿಕೊಂಡಿದ್ದ "ಇಲ್ಲ, ಇಳಿಯಲ್ಲ" ಅನ್ನೋ ಮಾತು ಎಲ್ಲಿಗೆ ಹೋಗುತ್ತೆ?

ಒಂದು ಉತ್ತರ ಪೈಕ್ಸ್ ಪೀಕ್ ಬೆಟ್ಟದಲ್ಲಿ ಕಂಡಿತು. 14,115 ಅಡಿ ಎತ್ತರದ ತುದಿವರೆಗೂ ರಸ್ತೆ ಇದೆ. ಇಳಿಯುವಾಗ ಗ್ಲೆನ್ ಕೋವ್ ಅನ್ನೋ ಜಾಗದಲ್ಲಿ ಸಿಬ್ಬಂದಿಯೊಬ್ಬರು ಗಾಡಿ ನಿಲ್ಲಿಸಿ, ಪಿಸ್ತೂಲಿನ ಆಕಾರದ ಥರ್ಮಾಮೀಟರನ್ನು ಚಕ್ರದ ಕಡೆ ಹಿಡಿದು ಬ್ರೇಕ್ ಎಷ್ಟು ಕಾದಿದೆ ನೋಡ್ತಾರೆ. ಹೆಚ್ಚು ಕಾದಿದ್ದರೆ ಪಕ್ಕಕ್ಕೆ ಹಾಕಿ ತಣಿಸಬೇಕು. ಲೋ ಗೇರಿನಲ್ಲಿ ಇಳೀರಿ ಅಂತ ದಾರಿಯಲ್ಲಿ ಬೋರ್ಡೂ ಇದೆ. ಆಟೋಮ್ಯಾಟಿಕ್‌ನಲ್ಲೂ ಅದಕ್ಕೆ ವ್ಯವಸ್ಥೆ ಇರುತ್ತೆ, ಆದರೆ ಗೇರ್ ಲಿವರಿನ ಪಕ್ಕದ ಆ 'ಎಲ್' ಅಕ್ಷರವನ್ನು ಜನ್ಮದಲ್ಲಿ ಮುಟ್ಟದವರು ಎಷ್ಟೋ ಜನ. ಹತ್ತಿದ ಗೇರಿನಲ್ಲೇ ಇಳೀಬೇಕು ಅನ್ನೋದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯುವ ಯಾವ ಡ್ರೈವರನಿಗೂ ಗೊತ್ತು. ಅರಿವು ನಾಶವಾಗಿಲ್ಲ, ಡ್ರೈವರನ ಕಾಲಿನಿಂದ ಸಿಬ್ಬಂದಿಯ ಥರ್ಮಾಮೀಟರಿಗೆ ಜಾಗ ಬದಲಿಸಿದೆ. ಹೊಸ ಟ್ರಕ್ಕುಗಳಲ್ಲಿ ಅದು ಇನ್ನೂ ಒಳಕ್ಕೆ ಹೋಗಿ, ಟೋ-ಹಾಲ್ ಮೋಡ್ ಅನ್ನೋ ಗುಂಡಿ ಒತ್ತಿದರೆ ತಾನೇ ಗೇರ್ ಇಳಿಸಿ ಎಂಜಿನ್ನಿಂದ ಗಾಡಿ ತಡೆಯುತ್ತೆ.

ಇಂಥ ಜಾಗ ಬದಲಾವಣೆ ಮಾಡಿಕೊಡೋದೇ ನನ್ನ ಕಸುಬು. ಬಳಸುವವನಿಗೆ ಒಳಗಿನ ತಾಪತ್ರಯ ಕಾಣಬಾರದು ಅಂತಲೇ ಸಾಫ್ಟ್‌ವೇರ್ ಬರೆಯೋದು, ಅದಕ್ಕೇ ಸಂಬಳ. ಅದರಲ್ಲಿ ನನಗೆ ನಾಚಿಕೆಯಿಲ್ಲ. ಆದರೆ ತಾಪತ್ರಯವನ್ನು ಮುಚ್ಚಿದಾಗ ಅದರ ಹೊಣೆ ಯಾರ ಹೆಗಲಿಗೆ ಬಂತು ಅಂತ ಮೀಟಿಂಗಿನಲ್ಲಿ ಯಾರೂ ಕೇಳಲ್ಲ. ಚಿಕ್ಕಪ್ಪನಿಗೆ ಭಾರ ಗೊತ್ತಿತ್ತು, ಆದ್ದರಿಂದ ಹೊಣೆಯೂ ಅವರದೇ ಆಗಿತ್ತು, ಬೇಡ ಅನ್ನೋ ಅಧಿಕಾರವೂ ಬಂತು. ಹತ್ತು ಗೇರಿನ ಪೆಟ್ಟಿಗೆ ಹೆಚ್ಚು ಭಾರಕ್ಕೆ ಸುಮ್ಮನೆ ಒಂದು ಗೇರ್ ಇಳಿಸಿಕೊಳ್ಳುತ್ತೆ. ಅದಕ್ಕೆ ಗೊತ್ತಾಗಿದ್ದು ಕೂತವನಿಗೆ ತಿಳಿಯಲ್ಲ.

ಈಗಿನ ಎಫ್-150ಯಲ್ಲಿ ಎಷ್ಟು ಭಾರ ಹೇರಿದ್ದೀರಿ ಅಂತ ಪರದೆಯ ಮೇಲೆ ತೋರಿಸುವ ಸೌಲಭ್ಯವಿದೆ. ಮೊದಲು ನೋಡಿದಾಗ ಚಿಕ್ಕಪ್ಪನ ಕಾಲಿಗಿಂತ ಇದೇ ವಾಸಿ ಅನ್ನಿಸಿತು, ಈಗಲೂ ಅರ್ಧ ಹಾಗೇ ಅನ್ನಿಸುತ್ತೆ. ಕಾಲಿನ ಮಾತನ್ನು ಸಾವ್ಕಾರ್ರು ನಂಬಬೇಕಾಗಿರಲಿಲ್ಲ. ಪರದೆಯ ಅಂಕಿ ಇಬ್ಬರಿಗೂ ಕಾಣುತ್ತೆ, ಹೊಸಬನಿಗೂ ಮೊದಲ ದಿನವೇ ಕಾಣುತ್ತೆ, ಅದಕ್ಕೆ ಮಂಡಿ ಬಲಿ ಕೊಡಬೇಕಿಲ್ಲ. ಇನ್ನರ್ಧ ಅನುಮಾನ ಏನಂದರೆ, ಆಫೀಸಿನಲ್ಲಿ ನಾನು ದಿನಾ ಅಂಕಿ ತೋರಿಸ್ತೀನಿ. ಕೆಂಪು ಬಣ್ಣ ಬಂದಾಗ ಜನ ಮೊದಲು ಮಾಡೋದು ಕೆಂಪು ಬರೋ ಮಿತಿಯನ್ನೇ ಏರಿಸೋದು. ಕಾಲಿನ ಮಿತಿಯನ್ನು ಹಾಗೆ ಏರಿಸೋಕೆ ಬರ್ತಿರಲಿಲ್ಲ.

ಕೊನೆಯದಾಗಿ ಉಳಿದ ಟಕೋಮಾದ ಕ್ಲಚ್ ಗಾಡಿಯೂ ಅಂಥ ಮುಗ್ಧ ಏನಲ್ಲ. ಗೇರ್ ಬದಲಿಸುವಾಗ ಎಂಜಿನ್ ವೇಗವನ್ನು ಕಂಪ್ಯೂಟರೇ ಹೊಂದಿಸಿಕೊಡೋ ಏರ್ಪಾಡು ಅದರಲ್ಲಿದೆ. ಬೇಡ ಅಂದವರಿಗೆ ಆಫ್ ಮಾಡೋಕೆ ಒಂದು ಗುಂಡಿ.

ಚಿಕ್ಕಪ್ಪ ಪಿಕಪ್ ಮಾರಿ ಸೆಕೆಂಡ್‌ಹ್ಯಾಂಡ್ ಎಎಂಟಿ ಕಾರು ತಗೊಂಡಿದ್ದಾರೆ. ಎಡಗಾಲು ಚಾಚಿಕೊಂಡು ಆರಾಮಾಗಿ ಓಡಿಸ್ತಾರೆ, ಆ ಕಾರೆಂದರೆ ಅವರಿಗೆ ಪ್ರಾಣ. ಹೋದ ಬಾರಿ ಊರಿಗೆ ಹೋದಾಗ ಧರ್ಮಸ್ಥಳಕ್ಕೆ ಅದರಲ್ಲೇ ಹೋದೆವು. ಘಾಟಿ ಶುರುವಾಗುವ ಮೊದಲೇ ಲಿವರನ್ನು ಮ್ಯಾನ್ಯುಯಲ್‌ಗೆ ತಳ್ಳಿ ಸೆಕೆಂಡಿಗೆ ತಂದರು. ಅದು ತಾನೇ ಹಾಕಿಕೊಳ್ಳಲ್ವಾ ಅಂತ ಕೇಳಿದೆ. "ಹಾಕ್ಕೊಳ್ಳುತ್ತೆ. ತಿರುವಿಗೆ ಬಂದ್ಮೇಲೆ ಹಾಕ್ಕೊಳ್ಳುತ್ತೆ" ಅಂದರು, ಕಣ್ಣು ರಸ್ತೆಯ ಮೇಲೇ ಇತ್ತು.